ಅರ್ಧ ವೇಗ

ಬೇಬಿಯಕ್ಕ ಫೋನು ತಂದು ಗಾಜಿನ ಮೇಲಿಟ್ಟು
"ಇದು ಸತ್ತಿತು ಮಾರಾಯ, ಹೊಸದು ಎಷ್ಟಕ್ಕುಂಟು?" ಅಂದರು.
ಮಲ್ಪೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ,
ಎರಡು ಕುರ್ಚಿ, ಒಂದು ಭೂತಗನ್ನಡಿ.
ಹೊಸ ಫೋನು ಮಾರಿದರೆ ಇನ್ನೂರು ಉಳಿಯುತ್ತದೆ ನನಗೆ.
ಆದರೂ ಕೈ ಕೇಳಲಿಲ್ಲ.

ಚಾರ್ಜಿನ ತೂತಿಗೆ ಹಲ್ಲುಕಡ್ಡಿ ಹಾಕಿ ಮೆಲ್ಲಗೆ ಕೆದಕಿದೆ.
ಮೊದಲು ಬಂತು ಮರಳು,
ಮತ್ತೆ ಸೀರೆಯ ಸೆರಗಿನ ನೂಲು,
ಕೊನೆಗೆ ಮುದುಡಿ ಕೂತಿದ್ದ ಬೂತಾಯಿಯ ಒಂದು ಹುರುಪೆ,
ಬೆಳ್ಳಗೆ, ಉಗುರಿಗಿಂತ ತೆಳ್ಳಗೆ.
ವಯರು ಚುಚ್ಚಿದೆ. ಮಿಂಚಿತು ಪರದೆ.
"ಸತ್ತಿರಲಿಲ್ಲ ಅಕ್ಕಾ, ಗಂಟಲಲ್ಲಿ ಮೀನು ಸಿಕ್ಕಿತ್ತು."

ಅಲ್ಲಿಗೆ ಬಿಡಬಹುದಿತ್ತು. ನನಗೂ ಸ್ವಲ್ಪ ಜಂಬ.
ಅಕ್ಷರ ದೊಡ್ಡದು ಮಾಡಿಕೊಟ್ಟೆ,
ಬ್ಯಾಟರಿ ಕುಡಿಯುತ್ತಿದ್ದ ಆರು ಆ್ಯಪುಗಳ ಬಾಯಿ ಕಟ್ಟಿದೆ.
ಗಿರಾಕಿಗಳಿಗೆ ಅವರು ಕಳಿಸಿದ ಮೆಸೇಜು ಓದಿ ನಗು ತಡೆಯಲಿಲ್ಲ:
"ಇವತ್ತು ತಾಜಾ ಭೂತಾಯಿ, ಕಿಲೋಗೆ ನೂರಿಪ್ಪತ್ತು."
ಫೋನಿಗೆ ಮೀನು ಗೊತ್ತಿಲ್ಲ, ಪುರಾಣ ಗೊತ್ತು.
ಮೂರು ವಾರದಿಂದ ಈ ಹೆಂಗಸು
ತೊಟ್ಟಂ, ಕೊಡವೂರು, ಕಲ್ಮಾಡಿಯ ಮನೆ ಮನೆಗೆ
ಭೂಮಿಯನ್ನೇ ಕಿಲೋ ಲೆಕ್ಕದಲ್ಲಿ ಮಾರಿದ್ದಾರೆ,
ಒಬ್ಬರೂ ಚೌಕಾಶಿ ಬಿಟ್ಟಿಲ್ಲ.
ನಿಘಂಟಿಗೆ ಸೇರಿಸಿದೆ ಒಂದೊಂದಾಗಿ:
ಬೂತಾಯಿ, ನಂಗ್, ಕಾಣೆ, ಬೊಂಡಾಸ್.
"ಇನ್ನು ಇದು ನಿಮ್ಮ ಮಾತು ಕೇಳುತ್ತದೆ."

"ಅಷ್ಟೆಯಾ?" ಅಂದರು ಬೇಬಿಯಕ್ಕ.
ಕೇಳಿದ ರೀತಿ, ಸಣ್ಣ ಮೀನು ತೂಗಿ ಕೊಟ್ಟ ಹಾಗೆ.
ಆಮೇಲೆ ನನ್ನ ಕೈಯಿಂದ ಫೋನು ತಿರುಗಿಸಿಕೊಂಡು
ತಾವೇ ಒಂದು ಧ್ವನಿ ಒತ್ತಿದರು.

ಬಂದರಿನ ಬೆಳಗಿನ ಏಲಂ. ಡೊಂಬಯ್ಯನ ಕೂಗು,
ಮೂರುಸಾವಿರಮೂರೂವರೆಮೂರುಮುಕ್ಕಾಲು,
ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವೋ.
"ಈ ವಯಸ್ಸಿಗೆ ನನ್ನ ಕಿವಿಗೆ ಸಿಗುವುದಿಲ್ಲ.
ಪುಳ್ಳಿ ಪಾಠದ ವಿಡಿಯೋ ಎರಡು ಪಟ್ಟು ಓಡಿಸುತ್ತಾಳೆ.
ಓಡಿಸಲಿಕ್ಕೆ ಬಂದರೆ
ನಡೆಸಲಿಕ್ಕೂ ಬರಬೇಕಲ್ಲ?"
ಬೆರಳು ಒಂದು ಮೂಲೆಗೆ ಹೋಯಿತು. ಅರ್ಧ ವೇಗ.
ಹನ್ನೆರಡು ವರ್ಷದಿಂದ ಫೋನು ಬಿಚ್ಚುತ್ತಿದ್ದೇನೆ,
ಆ ಗುಂಡಿಯನ್ನು ನಾನು ಒಮ್ಮೆಯೂ ಈ ಕಡೆಗೆ ಎಳೆದಿರಲಿಲ್ಲ.

ಮೂ… ರು… ಮು… ಕ್ಕಾ… ಲು…
"ಅಲ್ಲಿ. ಕೇಳಿತಾ?"
ನನಗೆ ಕೇಳಿದ್ದು ಕಾಗೆ, ಬೋಟಿನ ಎಂಜಿನ್, ಮಂಜುಗಡ್ಡೆ ಜಜ್ಜುವ ಸದ್ದು.
"ಇನ್ನೊಮ್ಮೆ ಕೇಳು. ಸಂಖ್ಯೆ ಬಿಡು, ನಡುವೆ ಕೇಳು."
ಕೇಳಿದೆ.
ಒಂದು ಸಂಖ್ಯೆಗೂ ಮುಂದಿನದಕ್ಕೂ ನಡುವಿನ ಸಂದಿಯಲ್ಲಿ
ಬಾಗಿಲಡಿಯ ಗಾಳಿಯಂಥ ಒಂದು ಸೀಟಿ,
ಪ್ರತಿ ಸಲವೂ.

"ಮೋಸ ಹಿಡಿಯಲಿಕ್ಕೆ ಶುರು ಮಾಡಿದ್ದು ನಾನು," ಅಂದರು,
"ಮೋಸ ಇಲ್ಲ. ಅವನಿಗೆ ಉಸಿರಿಲ್ಲ.
ಮಣಿಪಾಲಕ್ಕೆ ಹೋಗಿ ತೋರಿಸು ಅಂದರೆ
ನಿನ್ನ ಕಿವಿ ಹಾಳಾಗಿದೆ ಅಂತಾನೆ.
ನಾಳೆ ಅವನ ಕಿವಿಗೇ ಹಿಡಿಯುತ್ತೇನೆ ಇದನ್ನು.
ಅದಕ್ಕೇ ಚಾರ್ಜು ಬೇಕಿತ್ತು."

ಐವತ್ತು ಅಂದೆ. ಮೂವತ್ತು ಕೊಟ್ಟರು.
ಬುಟ್ಟಿ ತಲೆಗೇರಿಸಿ ರಸ್ತೆ ದಾಟಿದರು,
ಸಿಟಿ ಬಸ್ಸಿನ ಹಾರ್ನಿಗೆ ಅರ್ಧ ವೇಗದಲ್ಲಿ ತಿರುಗಿ ನೋಡಿ.
ಹುರುಪೆ ಹಲ್ಲುಕಡ್ಡಿಯ ತುದಿಯಲ್ಲೇ ಉಳಿಯಿತು,
ಒರೆಸಲಿಲ್ಲ, ಯಾಕೋ.

ಗುರುವಾರ ಬಂದರಿನಲ್ಲಿ ಏಲಂ ಕೂಗಿದ್ದು ಬೇರೆ ಹುಡುಗನಂತೆ.
ಹೊಸಬ, ತಡವರಿಸುತ್ತಾ,
ಒಂದೊಂದು ಸಂಖ್ಯೆಗೂ ನಿಂತು ನಿಂತು.
"ಅಷ್ಟು ನಿಧಾನ ಮಾರಾಯ," ಅಂದರು ಬೇಬಿಯಕ್ಕ,
"ರೆಕಾರ್ಡೇ ಬೇಕಾಗಲಿಲ್ಲ."