ಎಂಟು ಗಂಟೆಯ ಹಬೆ

ಪಪ್ಪನ ಕೈಬರಹದ ಮೊದಲ ಸಾಲೇ ಆಜ್ಞೆ:
ಎಂಟು ಗಂಟೆ. ಒಂದು ನಿಮಿಷ ಕಡಿಮೆಯಾಗಕೂಡದು.
ಹಡಗಿನ ಅಡುಗೆಮನೆಯ ಲೆಕ್ಕದ ಪುಸ್ತಕ ಅದು,
ಮೀನಿನ ತೂಕ, ಮೊಟ್ಟೆಯ ಎಣಿಕೆಗಳ ನಡುವೆ
ಕನ್ನಡ ಲಿಪಿಯಲ್ಲಿ ಕೊಂಕಣಿ,
ಕೊಂಕಣಿಯೊಳಗೆ ಸಾಹೇಬರ ಕ್ರಿಸ್ಮಸ್ ಪುಡಿಂಗು.
ಅಂಚಿನಲ್ಲಿ ಪೆನ್ಸಿಲಿನಿಂದ ‘ದೋಣಿ ೪೦’,
ಯಾವುದೋ ರೇವಿನ ಬಾಡಿಗೆ ಬಾಕಿ ಇರಬೇಕು.

ಗುರುವಾರ ರಾತ್ರಿಯೇ ನೆನೆಹಾಕಿದ್ದೆ
ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಮತ್ತೆ
ಹತ್ತೊಂಬತ್ತನೇ ಹಾಸಿಗೆಯ ಅಜ್ಜಿ ಮನೆಗೆ ಹೊರಟ ದಿನ
ನನ್ನ ಕೋಟಿನ ಜೇಬಿಗೆ ತುರುಕಿದ ಖರ್ಜೂರ.
ಬ್ರಾಂದಿ ಎಂಬ ಪದಕ್ಕೆ ಪಪ್ಪ ಎರಡು ಅಡಿಗೆರೆ ಎಳೆದಿದ್ದ.
ಕುವೈತಿನಲ್ಲಿ ನಾನು ಮೂರನೆಯದನ್ನು ಪದದ ಮೇಲೆಯೇ ಎಳೆದು
ಕಪ್ಪು ಲಿಂಬೆ ಕುದಿಸಿದ ಚಹಾ ಸುರಿದೆ.

ಕೊಬ್ಬು ಬೇಕೆಂದಾಗ ಮಾಂಸದಂಗಡಿಯ ಮಿಸ್ರಿ
‘ಸಾಬೂನಿಗಾ?’ ಎಂದ.
‘ಹಬ್ಬಕ್ಕೆ’ ಎಂದೆ.
ಕುರಿಬಾಲದ ಬಿಳಿಕೊಬ್ಬು ತೂಗದೆ ಕೊಟ್ಟ,
ಯಾವ ಹಬ್ಬವೆಂದು ಕೇಳಲಿಲ್ಲ.

ಶುಕ್ರವಾರ, ರಜೆ. ಇಡ್ಲಿಪಾತ್ರೆಯ ತಟ್ಟೆಗಳನ್ನು ಹೊರಗಿಟ್ಟು
ಪಪ್ಪನ ಪಂಚೆಯ ತುಂಡೊಂದನ್ನು ಬಿಸಿನೀರಲ್ಲಿ ಅದ್ದಿ
ಹಿಟ್ಟು ಸವರಿ, ಗಂಟು ಕಟ್ಟಿ, ಮುಚ್ಚಿದೆ.
ಅರ್ಧ ಗಂಟೆಗೊಮ್ಮೆ ನೀರು.
ನೈಟ್ ಡ್ಯೂಟಿಯ ಡ್ರಿಪ್ಪಿನ ಹಾಗೆ,
ಕಣ್ಣು ಮುಚ್ಚಿದರೂ ಕಿವಿ ತೆರೆದೇ ಇತ್ತು.

ಪಪ್ಪ ಒಂದು ಕತೆ ಹೇಳುತ್ತಿದ್ದ, ಪ್ರತಿ ಡಿಸೆಂಬರ್:
ಏಡನ್ ದಾಟಿದ ಮೇಲೆ ನಡುರಾತ್ರಿ ಗಂಟೆ ಬಡಿಯಿತಂತೆ,
ಎಲ್ಲರೂ ಲೈಫ್‌ಬೋಟಿಗೆ!
ಸಾಹೇಬರು ಕೋಟು ಮರೆತರಂತೆ, ಮಡಮ್ಮನವರು ಮುತ್ತಿನ ಸರ ಮರೆತರಂತೆ,
ಸ್ಟೀವರ್ಡ್ ಬೋನಿಫಾಸ್ ಮಾತ್ರ
ಪುಡಿಂಗನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಿದ್ದನಂತೆ.
ಅಮ್ಮ ಅಕ್ಕಿ ಆರಿಸುತ್ತಲೇ ಅನ್ನುತ್ತಿದ್ದಳು:
‘ನಿಮ್ಮ ಪಪ್ಪನ ಬಾಯಲ್ಲಿ ಕಡಲು
ಯಾವಾಗಲೂ ಎರಡು ಮಾರು ಹೆಚ್ಚೇ ಆಳ.’
ನಾವು ನಗುತ್ತಿದ್ದೆವು. ಅವನೂ.

ಆರನೇ ಗಂಟೆ ಕಳೆದಿತ್ತು.
ಕಿಟಕಿಯಲ್ಲಿ ಸಾಲ್ಮಿಯಾ ಇರಲಿಲ್ಲ, ಬರೀ ಬೆವರು.
ಸೂರಿನ ಬಿಳಿ ಗುಂಡಿ
ಹೊಗೆಗೂ ಹಬೆಗೂ ಭೇದ ತಿಳಿಯದೆ ಚೀರಿತು.
ಕಟ್ಟಡವೆಲ್ಲ ಚೀರಿತು. ಲಿಫ್ಟು ನಿಂತಿತು.

ಏಳು ಮಹಡಿಯ ಮೆಟ್ಟಿಲು. ಯಾರ್ಯಾರ ಕೈಯಲ್ಲಿ ಏನೇನು!
ಪಾಸ್‌ಪೋರ್ಟಿನ ಚೀಲ, ಗಿಳಿಯ ಪಂಜರ,
ಒಬ್ಬನದು ಇಸ್ತ್ರಿಯಾದ ಒಂದೇ ಒಂದು ಅಂಗಿ.
ನಾನು ಗ್ಯಾಸ್ ಆರಿಸಿದ್ದು ನೆನಪಿದೆ.
ಎತ್ತಿಕೊಂಡದ್ದು ನೆನಪಿಲ್ಲ.
ಮೂರನೇ ಮಹಡಿಯಲ್ಲಿ ಎದೆ ಸುಟ್ಟಾಗ ನೋಡಿದೆ:
ಪಾಸ್‌ಪೋರ್ಟು ಮೇಲೆ ಡ್ರಾಯರಿನಲ್ಲಿ,
ತೋಳಿನಲ್ಲಿ ಇದು.

ಕಾರು ನಿಲ್ಲಿಸುವ ಜಾಗದಲ್ಲಿ ಮಂಜು, ಮರಳು ತಣ್ಣಗೆ.
ಐದನೇ ಮಹಡಿಯ ಉಮ್ ತಾರಿಕ್ ಗಂಟನ್ನು ನೋಡಿ
ದನಿ ತಗ್ಗಿಸಿ ಅರಬ್ಬಿಯಲ್ಲಿ ಕೇಳಿದಳು,
‘ಗಂಡೋ, ಹೆಣ್ಣೋ?’
ಬಟ್ಟೆ ಸರಿಸಿದೆ.
ಕಪ್ಪಗೆ, ದುಂಡಗೆ, ಆವಿಯಾಡುತ್ತಿತ್ತು.
‘ಮಾಶಾ ಅಲ್ಲಾ’ ಎಂದಳು, ಬಾಯಿಪಾಠದ ಹಾಗೆ.
ಆಮೇಲೆ ನಕ್ಕಳು ನೋಡಿ,
ಒಂದು ಚಪ್ಪಲಿ ಎಲ್ಲೋ ಹೋಯಿತು.

ವಾಚ್‌ಮನ್ ಶಫೀಕುಲ್ ತಲೆ ಎಣಿಸುತ್ತ ಬಂದವನು
ನನ್ನೆದುರು ನಿಂತ.
‘ಸಿಸ್ಟರ್, ಇದೇನಾ ಬೆಂಕಿ?’
‘ಇನ್ನೂ ಎರಡು ಗಂಟೆ ಬಾಕಿ’ ಎಂದೆ.

ಮೇಲೆ ಬಂದಾಗ ಪಾತ್ರೆಯ ನೀರು ಆರಿತ್ತು.
ಆರರಿಂದ ಎಣಿಸಬೇಕೋ, ಸೊನ್ನೆಯಿಂದಲೋ?
ಪುಸ್ತಕ ತೆರೆದೆ. ಹಿಂದಿಲ್ಲ, ಮುಂದಿಲ್ಲ.
ಎಂಟು ಗಂಟೆ, ಅಷ್ಟೇ.
ಅಂಚಿನಲ್ಲಿ ಪೆನ್ಸಿಲು, ದೋಣಿ ೪೦.

ತುಂಬ ಹೊತ್ತು ನಿಂತೇ ಇದ್ದೆ, ಚಮಚ ಹಿಡಿದು.
ಬಾಡಿಗೆಯಾದರೆ ಪಕ್ಕದಲ್ಲಿ ರೂಪಾಯಿ ಇರಬೇಕಿತ್ತು.

ನೀರಿಟ್ಟೆ, ಗ್ಯಾಸ್ ಹಚ್ಚಿದೆ. ಪೆನ್ಸಿಲು ಸಿಗಲಿಲ್ಲ,
ಚಾರ್ಟ್ ಬರೆಯುವ ನೀಲಿ ಪೆನ್ನಿನಲ್ಲೇ ಅದರ ಕೆಳಗೆ ಬರೆದೆ:
ಮೆಟ್ಟಿಲು ೫೫.

ಅಡುಗೆಮನೆಯ ಗಾಳಿಕಂಡಿಯಲ್ಲಿ ಕೆಳಗಿನಿಂದ
ಉಮ್ ತಾರಿಕ್ ಕೂಗುತ್ತಿದ್ದಳು,
ಹೆಸರೇನಿಟ್ಟೆ ಎಂದು.