ಇನ್ನೊಂದು ವರ್ಷ

ಹುಮೈದ್ ತಂದದ್ದು ಕ್ಯಾಪ್ರಿಸ್,
ಎಪ್ಪತ್ತೊಂಬತ್ತರ ಮಾಡೆಲ್, ಮಂಜಿಯಷ್ಟು ಉದ್ದ.
ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗಲ್ಲಿಯಲ್ಲಿ
ಅದನ್ನು ತಿರುಗಿಸಬೇಕಾದರೆ
ರೇಡಿಯೇಟರ್ ಅಂಗಡಿಯ ಕುಂಞಾಲಿ
ತನ್ನ ಚಹಾದ ಮೇಜು ಎತ್ತಿಡಬೇಕಾಯಿತು.

"ಉಸ್ತಾದ್, ಬರುವ ಶನಿವಾರ ಶೋ.
ಸೀಟು ಒರಿಜಿನಲ್ ಆಗಬೇಕು,
ಕಂಪನಿ ಬಿಟ್ಟ ದಿನ ಇದ್ದ ಹಾಗೆ."
ಫೋನಿನಲ್ಲಿ ಹಳೆಯ ಜಾಹೀರಾತು ತೋರಿಸಿದ:
ಕೆಂಪು ವೆಲ್ವೆಟ್, ಅದಕ್ಕೆ ಒರಗಿ
ಬೆವರೆಂದರೆ ಏನೆಂದು ತಿಳಿಯದ ಒಬ್ಬ ಹೆಂಗಸು.

ಗುಲ್ ಜಮಾನ್ ಬಾನೆಟ್ಟಿಗೆ ಬೆರಳಗೆಣ್ಣು ಬಡಿದು ಕಿವಿಯಿಟ್ಟ.
"ಇದು ತಗಡಲ್ಲ, ತಪ್ಪಲೆ!
ಈಗಿನ ಗಾಡಿ, ಎದುರು ನಿಂತು ಕೆಮ್ಮಿದರೆ ನುಗ್ಗುತ್ತದೆ.
ಕ್ಲಾಸಿಕ್ ಅಂದರೆ ದಪ್ಪ, ಅಷ್ಟೇ."
ಕುಂಞಾಲಿ ಒಪ್ಪಲಿಲ್ಲ:
"ಮೂವತ್ತು ತುಂಬಿದರೆ ಕ್ಲಾಸಿಕ್,
ಇಪ್ಪತ್ತೊಂಬತ್ತರಲ್ಲಿ ಗುಜರಿ.
ನಮಗೆ ಇದರ ಉಲ್ಟಾ ಮಾರಾಯ,
ಅರವತ್ತು ತುಂಬಲಿ, ವೀಸಾ ಕೊಡುವವನು
ಹಲ್ಲು ಎಣಿಸಲು ಶುರು ಮಾಡುತ್ತಾನೆ."
ಹೇಳಿ ನನ್ನ ಕಡೆ ನೋಡಿ ನಕ್ಕ.
ನನಗೆ ಐವತ್ತೆಂಟು. ಬಾಯಲ್ಲಿ ದಾರ ಇತ್ತು, ಮಾತಾಡಲಿಲ್ಲ.

ಹಿಂದಿನ ಸೀಟಿಗೆ ಬ್ಲೇಡು ಹಾಕಿದೆ.
ಮೇಲೆ ಬಿಸಿಲಿಗೆ ಹಪ್ಪಳವಾದ ಕಂದು ರೆಕ್ಸಿನ್,
ಕೆಳಗೆ ಮುಟ್ಟಿದರೆ ಕಡಲೆಹಿಟ್ಟಿನಂತೆ ಉದುರುವ ಫೋಮು.
ಮರಳು, ಮರಳು, ಒಂದು ಬೊಗಸೆಯಾಗುವಷ್ಟು;
ಖರ್ಜೂರದ ಬೀಜ ನಾಲ್ಕು,
ಜಿಂಕೆಯ ಚಿತ್ರದ ಇಪ್ಪತ್ತೈದು ಫಿಲ್ಸು,
ಯಾವುದೋ ಮಗುವಿನ ಚಪ್ಪಲಿಯ ಬಕಲು.
ಆ ಮಗು ಹುಮೈದನ ಅಪ್ಪನೇ ಇರಬಹುದು.

ಎಡಮೂಲೆಯಲ್ಲಿ, ಸ್ಪ್ರಿಂಗಿಗೆ ತಾಗಿ, ಒಂದು ಗಂಟು.
ಕೈ ನಿಂತಿತು.

ಹಾಸಿನ ಎಳೆ ಕಡಿದಾಗ
ಹೆಬ್ಬೆರಳಿಗೆ ಎಂಜಲು ಸೋಕಿಸಿ
ಕಣ್ಣು ಬೇರೆಲ್ಲೋ ಇಟ್ಟು ಹಾಕುವ ಗಂಟು ಅದು.
ಲಾಳಿಗೆ ತಡೆಯಾಗದು, ಬಟ್ಟೆಯಲ್ಲಿ ಕಾಣದು.
ಕಿನ್ನಿಗೋಳಿಯ ನಮ್ಮ ಮಗ್ಗದ ಮನೆಗಳಲ್ಲಿ
ಮೂಗು ಸೋರುವ ಹುಡುಗರಿಗೂ ಬರುತ್ತಿತ್ತು.
ಚರ್ಮ ಹೊಲಿಯುವವರು ಹೀಗೆ ಹಾಕುವುದಿಲ್ಲ.
ಅಮೆರಿಕದಲ್ಲಂತೂ ಹಾಕಿದ್ದು ಮೆಷಿನು.

ರೆಕ್ಸಿನ್ ಮಗುಚಿದೆ. ಒಳಗೆ ನೀಲಿ ಪೆನ್ಸಿಲಿನಲ್ಲಿ
ತುಂಡಿನ ನಂಬರು: ೭.
ನಮ್ಮ ಏಳು. ಬಾಲ ಸ್ವಲ್ಪ ಉದ್ದ.

ಯಾರಪ್ಪ ನೀನು?
ಯಾವ ವರ್ಷ, ಯಾವ ಶೆಡ್ಡು,
ಎಷ್ಟು ಮಂದಿಗೆ ಒಂದು ಕೋಣೆ?
ಮಗ್ಗ ಮಾರಿ ಬಂದೆಯೋ,
ಅಟ್ಟಕ್ಕೆ ಹಾಕಿ ಬಂದೆಯೋ?

ಕಂಪನಿ ಬಿಟ್ಟ ದಿನ ಇಂಥವು ಸಾವಿರಗಟ್ಟಲೆ ಇದ್ದವು,
ಒಂದರ ಹಾಗೆ ಒಂದು.
ಮಿಕ್ಕವು ಅಪ್ಪಚ್ಚಿಯಾಗಿ, ಕರಗಿ,
ಯಾವ ಕಟ್ಟಡದ ಕಂಬಿಯಾದವೋ.
ಇದೊಂದು ಉಳಿದದ್ದು
ಹುಮೈದನ ಅಜ್ಜ ಪ್ರತಿ ಬೇಸಿಗೆ
"ಇನ್ನೊಂದು ವರ್ಷ ನೋಡುವ" ಅಂದದ್ದರಿಂದ.
ಆ ಇನ್ನೊಂದು ವರ್ಷವನ್ನು
ಕೂತು ಹೊಲಿದವನು ಒಬ್ಬನಿದ್ದ.

ವೆಲ್ವೆಟ್ ಹಾಕಿದೆ. ಕೆಂಪು, ಕೇಳಿದ ಹಾಗೆಯೇ.
ಕೂಲಿ ತೆಗೆದುಕೊಂಡ ಮೇಲೆ ತಕರಾರು ಸಲ್ಲ.
ಆದರೆ ಎಡಮೂಲೆಯ ಗಂಟು ಕಡಿಯಲಿಲ್ಲ;
ಅದರ ತುದಿಗೆ ನನ್ನ ದಾರ ಕೂಡಿಸಿದೆ,
ಹೆಬ್ಬೆರಳು, ಎಂಜಲು, ಅದೇ ಗಂಟು.
ಏಳು ಬರೆದ ತುಂಡನ್ನು ಒಳಗೇ ಬಿಟ್ಟೆ.
ಅದು ಬರೀ ತುಂಡಿನ ಲೆಕ್ಕ, ನನಗೆ ಗೊತ್ತು,
ಆದರೂ ಪಕ್ಕದಲ್ಲಿ ಬರೆದೆ: ೮.

ಶನಿವಾರ ಸಂಜೆ ಹುಮೈದನ ವಾಯ್ಸು ಬಂತು.
ಬಿಳಿ ಗ್ಲೌಸಿನ ಜಡ್ಜು ಟಾರ್ಚು ಬಿಟ್ಟು, ಮೂಸಿ,
ಸೀಟಿಗೆ ಪೂರ್ತಿ ಮಾರ್ಕು ಕೊಟ್ಟನಂತೆ:
"ನೂರಕ್ಕೆ ನೂರು ಒರಿಜಿನಲ್, ಉಸ್ತಾದ್!"

ಆಗ ನಾನು ಒಂದು ನಿಸ್ಸಾನ್ ಪಿಕಪ್ಪಿನ ಸೀಟು ಬಿಚ್ಚುತ್ತಿದ್ದೆ.
ಇಪ್ಪತ್ತೊಂಬತ್ತು ವರ್ಷದ್ದು, ಒಂದು ಬಾಗಿಲಿಗೆ ಹಗ್ಗ.
ಲಾಂಡ್ರಿಯವನು ಬಿಸಿಲಲ್ಲೇ ನಿಂತು ಕೇಳಿದ,
"ಇನ್ನೊಂದು ವರ್ಷ ಬಂದೀತಾ?"
ಬಾಯಲ್ಲಿ ದಾರ ಇತ್ತು.
ತಲೆಯಾಡಿಸಿದೆ.