ಎಣಿಸಿಟ್ಟ ಹಾವು

ಬೊಂಗಾ ಪೇಟೆ ದಾಟಿ, ರಸ್ತೆ ಕಾಡಿಗೆ ಹೊರಳುವಲ್ಲಿ
ದೆಗೆಫುವಿನ ಲಾರಿ ಅದರ ನಡು ಮುರಿದು ಹೋಗಿತ್ತು.
ತಲೆಯಲ್ಲಿ ಜೀವವಿತ್ತು. ಸಿಟ್ಟೂ ಇತ್ತು.
ನಾನು ನಾಲ್ಕು ಮಾರು ದೂರ
ಹುಲ್ಲಿನ ಹೊರೆ ಇಳಿಸಿ ಕೂತೆ.

ಸಾಯಲಿ ಅಂತಲ್ಲ.
ಲೆಕ್ಕ ಮಾಡಲಿಕ್ಕೆ.

ಕಪ್ಪು ಮೂರು, ಹಳದಿ ಒಂದು,
ಮತ್ತೆ ಕಪ್ಪು, ಎದುರುಬದುರು ಚಿಟ್ಟೆರೆಕ್ಕೆಯ ಹಾಗೆ,
ಅಂಚಿಗೆ ಹಸಿರೆಂದರೆ ಹಸಿರಲ್ಲದ,
ಹಳದಿಯೆಂದರೆ ಒಪ್ಪದ ಒಂದು ಬಣ್ಣ.
ಎನ್ಸೆಟ್ ಗಿಡದ ಎಳೆಸುಳಿ ಬಿಸಿಲಿಗೆ ಹಿಡಿದರೆ ಹೀಗಿರುತ್ತದೆ.
ನಲವತ್ತು ವರ್ಷ ಬುಟ್ಟಿ ಹೆಣೆದ ಕೈ ನನ್ನದು,
ಇಷ್ಟು ತಪ್ಪಿಲ್ಲದ ಸುತ್ತು ಅವತ್ತೇ ಕಂಡದ್ದು.
ಇಷ್ಟೆಲ್ಲ ಹೆಣೆದವನು ಕಣ್ಣಿಗೆ ಬಂದಾಗ ಜುಗ್ಗನಾಗಿದ್ದ:
ಎರಡು ತೆಫ್ ಕಾಳು, ಅಷ್ಟೆ.

ಜೇನುಗೂಡು ಕಟ್ಟಲು ಮರ ಹತ್ತುತ್ತಿದ್ದ ನನ್ನ ಗಂಡ ಹೇಳುತ್ತಿದ್ದ:
'ಮೇಲಿನ ಮಂಜಿನಲ್ಲಿ ಒಂದಿದೆ, ಚಾಪೆ ಹೊದ್ದದ್ದು.
ನೋಡಿದವನು ಹೇಳುವುದಿಲ್ಲ, ಹೇಳುವವನು ನೋಡಿಲ್ಲ.'
ಹೇಳುತ್ತಿದ್ದವನು ಅವನೇ.
ಹಾಗಾದರೆ ನೋಡಿರಲಿಲ್ಲ, ಪಾಪ.

ಸಂಜೆಗೆ ಅದು ನಿಂತಿತು. ಎಲೆ ಮುಚ್ಚಿ ಬಂದೆ.

ಕಪ್ಪು ಕಷ್ಟವಾಗಲಿಲ್ಲ: ಹೊಂಡದ ಕೆಸರು, ತೊಗಟೆ, ಎರಡು ರಾತ್ರಿ.
ಆ ಬಣ್ಣ ಮಾತ್ರ ಕೈಗೆ ಬರಲಿಲ್ಲ.
ತುರಿಕೆಸೊಪ್ಪು ಕುದಿಸಿದೆ, ಕಾಫಿಯ ಚಿಗುರು ಕುದಿಸಿದೆ,
ಪಾತ್ರೆ ಹಾಳಾಯಿತು, ಮಗಳು ಬೈದಳು,
ಹುಲ್ಲು ಸಗಣಿಯ ಬಣ್ಣಕ್ಕೆ ತಿರುಗಿತು.

ಕೊನೆಗೆ ದೆಗೆಫುವೇ ಬಂದ, ಕಾಫಿ ಮೂಟೆ ಹೇರಲು.
ಮೂಟೆ ಬಿಗಿಯುವ ನೈಲಾನ್ ಹಗ್ಗ
ಅದೇ ಬಣ್ಣ! ಸುಳ್ಳಲ್ಲ, ಅದೇ.
'ಎರಡು ಮೊಳ ಕೊಡು' ಅಂದೆ.
'ಯಾಕೆ ಅಸ್ಕಾಲೆ, ಎರಡೇ ಯಾಕೆ?'
'ನೀನು ತೆಗೆದದ್ದು ಅಷ್ಟೇ ಉದ್ದವಿತ್ತು.'
ಅವನಿಗೆ ತಿಳಿಯಲಿಲ್ಲ.
ಮೂರು ಮೊಳ ಕೊಟ್ಟ.

ಎಳೆ ಬಿಡಿಸಿ, ಹುಲ್ಲಿಗೆ ಸುತ್ತಿ, ಎಣಿಸಿದ ಹಾಗೇ ಹೆಣೆದೆ.
ಬುಡದಿಂದ ಮುಚ್ಚಳದ ತನಕ ಸುರುಳಿಯಾಗಿ
ಮಲಗಿದೆ ಈಗ ಒಲೆಯ ಪಕ್ಕ,
ರೊಟ್ಟಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು.
ಜಿಮ್ಮಾದಿಂದ ಬಂದ ಅಂಗಡಿಯವಳು ಒಳ್ಳೆಯ ಬೆಲೆಯನ್ನೇ ಹೇಳಿದಳು.
ಬುಡ ಸೋರುತ್ತದೆ ಅಂತ ಸುಳ್ಳು ಹೇಳಿ ಕಳಿಸಿದೆ.

ಮೊಮ್ಮಗ ಮೆಲಾಕು ಹಸಿದು ಬಂದರೆ
ಮೊದಲು ಕೋಲಿನಿಂದ ಮುಚ್ಚಳ ತಟ್ಟುತ್ತಾನೆ,
ಒಂದು ಹೆಜ್ಜೆ ಹಿಂದೆ ಸರಿದು ಕಾಯುತ್ತಾನೆ,
ಆಮೇಲೆ ರೊಟ್ಟಿ.